ಒಳಕಲ್ಲು ಹೇರಿಕೊಂಡು ಮಗಳನ್ನು ಕರೆತಂದದ್ದು

ಕುರುಗೋಡಿನ ಶಿವಬಸಮ್ಮ ಒಳ್ಳೆಯ ಹೆಂಗಸು, ಆದರೆ ಮೊದಲು ಮಾತಾಡಿ ಆಮೇಲೆ ಯೋಚನೆ ಮಾಡುವಾಕೆ. ಎಪ್ಪತ್ತೆಂಟನೇ ಇಸವಿಯ ಮಾತು. ಸಿರುಗುಪ್ಪಕ್ಕೆ ಕೊಟ್ಟ ಮಗಳು ಸುವರ್ಣಮ್ಮ ಚೊಚ್ಚಲ ಬಸುರಿ. ಸೀಮಂತದ ಕುಬಸ ಮಾಡಲು ಹೋದಾಗ ಬೀಗತಿ ಜಂಬಮ್ಮ, "ಬಸ್ಸಿನ ನೂಕಾಟದಾಗ ನನ್ನ ಸೊಸಿನ ಕಳಸಂಗಿಲ್ರಿ" ಅಂದಳು. ಶಿವಬಸಮ್ಮ ತಡ ಮಾಡಲಿಲ್ಲ.

"ಬಸ್ಸು ಯಾಕ್ರಿ ಬೀಗತಿ? ನಮ್ಮದ ಗಾಡಿ ಐತಿ. ತೊಟ್ಲಾಗ ಕುಂದ್ರಿಸಿದಂಗ ಕರಕೊಂಡು ಹೋಗ್ತೀನಿ."

"ಹಂಗಾದ್ರ ಏಳು ತಿಂಗಳದಾಗ ಒಯ್ರಿ. ಎಂಟರಾಗ ಬಸುರಿನ ಊರು ದಾಟಿಸಬಾರದು. ಒಂಬತ್ತರ ಮಟ ಬಿಟ್ರ ಆಮ್ಯಾಲ ಬರೂದು ಬ್ಯಾಡ, ಇಲ್ಲೇ ಹಡೀಲಿ."

ಗಾಡಿ ಅಂದರೆ ಗಂಡ ಉಜ್ಜಿನಪ್ಪನ ಹಳೆಯ ಪಿಕಪ್ಪು. ಮುಂದೆ ಮೂರು ಜನ ಒತ್ತರಿಸಿ ಕೂರಬಹುದು, ಹಿಂದೆ ತೆರೆದ ತೊಟ್ಟಿ. ಊರ ಗುಡ್ಡದ ಕಲ್ಲಿನಲ್ಲಿ ಕಡೆದ, ರುಬ್ಬುವ ಒಳಕಲ್ಲು, ಬೀಸುಕಲ್ಲು ಹೇರಿಕೊಂಡು ಹೋಗಿ ಬಳ್ಳಾರಿ, ಸಿರುಗುಪ್ಪದ ಸಂತೆಯಲ್ಲಿ ಮಾರುವುದು ಗಂಡ ಹೆಂಡತಿಯ ಕಸುಬು. ಓಡಿಸುವುದು ಆತ, ಮಾರುವುದು ಈಕೆ. ಕಲ್ಲನ್ನು ಬೆರಳಿನ ಗೆಣ್ಣಿನಿಂದ ಬಡಿದು, ಸದ್ದು ಕೇಳಿಸಿ, ಕೊಳ್ಳಲು ಮನಸ್ಸಿಲ್ಲದವಳ ಮನೆಗೂ ಒಂದು ಒಳಕಲ್ಲು ಇಳಿಸಿ ಬರುತ್ತಿದ್ದಳು.

ಏಳು ತುಂಬಲು ಇನ್ನೊಂದು ವಾರ ಅನ್ನುವಾಗ ಸಂತೆಯಿಂದ ಬರುವ ದಾರಿಯಲ್ಲಿ ಎಡಗಡೆಯ ಹಿಂದಿನ ಗಾಲಿಯ ಮೇಲೆ ಲಟ್ ಅಂತ ಸದ್ದಾಯಿತು. ಗಾಡಿಯ ಭಾರ ಹೊರುವ ಕಮಾನಿನ ದೊಡ್ಡ ಉಕ್ಕಿನ ಪಟ್ಟಿಯೇ ಮುರಿದಿತ್ತು. ಗಾಡಿ ಒಂದು ಮಗ್ಗುಲಿಗೆ ವಾಲಿಕೊಂಡು ಕುಂಟುತ್ತ ಅಂಗಳಕ್ಕೆ ಬಂದು ನಿಂತಿತು. ಶಿವಬಸಮ್ಮನಿಗೆ ಗಾಡಿ ಕಾಣಲಿಲ್ಲ, ಬೀಗತಿಯ ಮುಖ ಕಂಡಿತು.

ಉಜ್ಜಿನಪ್ಪ ಬಸ್ಸಿನಲ್ಲಿ ಬಳ್ಳಾರಿಗೆ ಹೋಗಿ ಹಳೇ ಸಾಮಾನಿನ ಅಂಗಡಿಗಳನ್ನೆಲ್ಲ ನಾಲ್ಕು ದಿನ ತಿರುಗಿ, ಗೋಣಿಚೀಲದಲ್ಲಿ ಎರಡೂ ಮಗ್ಗುಲಿಗೆ ಬೇಕಾದ ಪಟ್ಟಿಗಳನ್ನು ಸುತ್ತಿಕೊಂಡು, ಜೊತೆಗೆ ರಬ್ಬರಿನ ಬುಷ್ಷು ತಂದ. ಮಾರನೆಯ ದಿನ ಬೇವಿನ ಗಿಡದ ನೆರಳಲ್ಲಿ ಕೆಲಸ ಶುರುವಾಯಿತು. ಜಾಕಿ ಕೊಟ್ಟು ಗಾಡಿ ಎತ್ತಿ, ಜಾಕಿ ಜಾರಿದರೂ ಮೈಮೇಲೆ ಬೀಳದಂತೆ ಕೆಳಗೆ ಒಳಕಲ್ಲುಗಳನ್ನು ಬೋರಲು ಹಾಕಿ ಆನಿಸಿದ. ತುಕ್ಕು ಹಿಡಿದ ಬೋಲ್ಟುಗಳಿಗೆ ಸೀಮೆಎಣ್ಣೆ ಕುಡಿಸಿದ. ಬಿಚ್ಚಿದ ನಟ್ಟು ಬೋಲ್ಟುಗಳನ್ನು ಶಿವಬಸಮ್ಮ ಜೋಳ ಕೇರುವ ಮರದಲ್ಲಿ ಎಡಗಡೆಯವು ಇತ್ತ, ಬಲಗಡೆಯವು ಅತ್ತ ಅಂತ ಹರವಿಟ್ಟುಕೊಂಡು ಕುಂತಳು.

"ಹಂಗ ಹಸನು ಮಾಡಬ್ಯಾಡ, ಕೇರಿ ಗಾಳಿಗಿ ತೂರೀ ಮತ್ತ" ಅಂತ ಗಾಡಿಯ ಅಡಿಯಿಂದ ಆತನ ದನಿ.

"ನೀವು ಅಲ್ಲೇ ನಿದ್ದಿ ಹೊಡೀಬ್ಯಾಡ್ರಿ. ನಟ್ಟು ತಿರುವೂ ಪಾನಾ ಕೈಯಾಗ ಐತಿಲ್ಲೋ?"

ಪಟ್ಟಿಗಳಿಗೆ ಗ್ರೀಸು ಸವರಿ ಕೊಟ್ಟವಳೂ ಆಕೆಯೇ. ಸವರುವಾಗ ಎಡಕ್ಕೊಂದು ಬಲಕ್ಕೊಂದು ಪಟ್ಟಿ ಹೆಚ್ಚಿಗೆ ಇದ್ದದ್ದು ಕಂಡು ಕೇಳಿದಳು. ಉಜ್ಜಿನಪ್ಪ ಹೆಮ್ಮೆಯಿಂದ, "ಮಗಳು ಕುಂದ್ರೂ ಗಾಡಿ, ಗಟ್ಟಿ ಇರಲಿ ಅಂತ ಕೂಡಿಸೀನಿ. ಇನ್ನ ಗುಡ್ಡ ಹೇರಿದ್ರೂ ಮುರಿಯಂಗಿಲ್ಲ" ಅಂದ. ಕಲ್ಲು ಹೊರುವ ಮನುಷ್ಯನಿಗೆ ಗಟ್ಟಿಯಾದದ್ದೆಲ್ಲ ಒಳ್ಳೆಯದೇ.

ಕೆಲಸ ಮುಗಿಯುವಾಗ ಏಳನೇ ತಿಂಗಳಲ್ಲಿ ಉಳಿದದ್ದು ಮಾರನೆಯ ದಿನ ಒಂದೇ. ಪರೀಕ್ಷೆಗೆ ಅಂತ ಹೆಂಡತಿಯನ್ನು ಕೂರಿಸಿಕೊಂಡು ಊರ ಹೊರಗಿನವರೆಗೆ ಹೋದ. ಹಿಂದೆ ತೊಟ್ಟಿ ಖಾಲಿ. ಸಣ್ಣ ಹರಳು ಸಿಕ್ಕರೂ ಗಾಡಿ ಹಾರಿ ಹಾರಿ ಬೀಳುತ್ತಿತ್ತು, ಹುರಿಯುವ ಹಂಚಿನಲ್ಲಿ ಎಳ್ಳು ಸಿಡಿದ ಹಾಗೆ. ಆಕೆಯ ತಲೆ ಮೇಲಿನ ತಗಡಿಗೆ ಬಡಿಯಿತು. ತಿರುಗಿ ಬಂದು ಇಳಿದವಳು ಸೊಂಟ ಹಿಡಿದುಕೊಂಡು ಕಟ್ಟೆಗೆ ಕುಂತಳು.

"ಇದರಾಗ ನನ್ನ ಮಗಳನ್ನ ಕುಂದ್ರಿಸಿದ್ರ ದಾರ್ಯಾಗ ತೆಕ್ಕಲಕೋಟಿಗೇ ಹಡೀತಾಳ. ಆ ಹೆಚ್ಚಿಗಿ ಪಟ್ಟಿ ತಗೀರಿ."

"ಪಟ್ಟಿ ಬಿಗಿಯೂ ಯು ಬೋಲ್ಟಿನ ಹಲ್ಲು ಸವದಾವು. ಬಿಚ್ಚಿದ್ರ ಹೊಸಾವು ಬೇಕು. ಮತ್ತ ಬಳ್ಳಾರಿಗಿ ಹೋಗಬೇಕು, ನಾಳಿ ಇಡೀ ದಿನ ಹೋತು."

ಇಷ್ಟು ಹೊತ್ತು ಮೈತುಂಬ ಮಸಿ ಮಾಡಿಕೊಂಡು ದುಡಿದ ಗಂಡನನ್ನು ಬೈಯಲು ಆಕೆಗೆ ಮನಸ್ಸು ಬರಲಿಲ್ಲ. ಗಾಡಿಯನ್ನೇ ನೋಡುತ್ತ ಕುಂತಳು. ಸಂತೆಗೆ ಹೋಗುವಾಗ ತಾನು ಇದೇ ಸೀಟಿನಲ್ಲಿ ತೂಕಡಿಸುತ್ತಿದ್ದಳು, ಬರುವಾಗ ಮಾತ್ರ ಮೈಕೈ ನೋಯುತ್ತಿತ್ತು. ಹೋಗುವಾಗ ಹಿಂದಿನ ತೊಟ್ಟಿಯಲ್ಲಿ ಏನಿರುತ್ತಿತ್ತು?

"ಏನ್ರಿ, ಕಲ್ಲು ಹೇರ್ರಿ" ಅಂದಳು.

"ಮಗಳನ್ನ ಕರಿಯಾಕೋ, ಸಂತಿಗೋ?"

"ಭಾರ ಬಿದ್ರ ಕಮಾನು ಬಾಗತೈತಿ. ಬಾಗಿದ್ರ ಗಾಡಿ ಹಾರಂಗಿಲ್ಲ. ಹೇರ್ರಿ ಅಂದ್ರ ಹೇರ್ರಿ."

ಬೆಳಗಾಗುತ್ತಲೇ ಅಂಗಳದಲ್ಲಿದ್ದ ಒಳಕಲ್ಲುಗಳನ್ನೆಲ್ಲ ಹೇರಿದರು. ಉರುಳದಂತೆ ನಡುನಡುವೆ ಭತ್ತದ ಹುಲ್ಲು ಬಿಗಿಯಾಗಿ ತುರುಕಿದರು. ಗಾಡಿ ಒಂದು ಗೇಣು ಕೆಳಗಿಳಿದು, ಮೆತ್ತಗೆ ತೂಗುತ್ತ ಹೊರಟಿತು.

ಸಿರುಗುಪ್ಪದಲ್ಲಿ ಬೀಗರ ಮನೆ ಮುಂದೆ ನಿಂತದ್ದೇ ತಡ, ಕಲ್ಲು ಮಾರುವವರು ಬಂದರು ಅಂತ ಓಣಿಯ ಹೆಂಗಸರು ಸುತ್ತುಗಟ್ಟಿದರು. ಜಂಬಮ್ಮ ಹೊಸಿಲಿಗೆ ಬಂದು ಸೊಂಟದ ಮೇಲೆ ಕೈಯಿಟ್ಟಳು.

"ಬೀಗತಿ, ಸೊಸಿನ ಒಯ್ಯಾಕ ಬಂದೀರೋ, ಯಾಪಾರಕ್ಕ ಬಂದೀರೋ? ಒಂದ ದಾರ್ಯಾಗ ಎರಡೂ ಮುಗಿಸಿಬಿಡೂದೇನು?"

"ಯಾಪಾರ ಇಲ್ರಿ. ಇವತ್ತ ಒಂದು ಕಲ್ಲೂ ಮಾರಂಗಿಲ್ಲ" ಅಂದಳು ಶಿವಬಸಮ್ಮ. ಒಬ್ಬಾಕೆ ಆಗಲೇ ಒಂದು ಒಳಕಲ್ಲನ್ನು ಮೆಚ್ಚಿ, ಅದೇ ಬೇಕು ಅಂತ ಹಟ ಹಿಡಿದಿದ್ದಳು. ಬಂದ ಗಿರಾಕಿಯನ್ನು ಹಿಂದಕ್ಕೆ ಕಳಿಸಿದ್ದು ಶಿವಬಸಮ್ಮ ಹುಟ್ಟಿದ ಮೇಲೆ ಅದೇ ಮೊದಲು. "ಒಂದು ಇಳಿಸಿದ್ರೂ ಅಷ್ಟು ಮೆತ್ತಗಿನ ಸವಾರಿ ಕಡಿಮಿ ಆಗತೈತಿ, ತಂಗೆವ್ವ. ಬರೂ ಸಂತಿಗಿ ತರ್ತೀನಿ."

ಆಮೇಲೆ ಬೀಗತಿಯ ಕೈಹಿಡಿದಳು. "ನನ್ನ ಮಾತು ನಂಬಬ್ಯಾಡ್ರಿ. ನೀವ ಕುಂತು ನೋಡ್ರಿ."

ಜಂಬಮ್ಮ ಬೇಡ ಬೇಡ ಅನ್ನುತ್ತಲೇ ಸೆರಗು ಸರಿಮಾಡಿಕೊಂಡು ಹತ್ತಿದಳು. ಉಜ್ಜಿನಪ್ಪ ಕಾಲುವೆಯ ಸೇತುವೆವರೆಗೆ ಹೋಗಿ, ತಗ್ಗು ದಿನ್ನೆಯ ಮೇಲೆ ಬೇಕಂತಲೇ ಹಾಯಿಸಿ ತಿರುಗಿ ತಂದ. ಗಾಡಿ ನಿಂತರೂ ಜಂಬಮ್ಮ ಇಳಿಯಲಿಲ್ಲ.

"ಇಳೀರಿ ಬೀಗತಿ, ಅದು ನನ್ನ ಮಗಳ ಜಾಗಾ."

"ಇರ್ರಿ, ಇನ್ನೊಂದು ಸುತ್ತು ಹಾಕ್ತೀರೇನೋ ಅಂತ ಕುಂತೀನಿ" ಅಂದಳು ಜಂಬಮ್ಮ. ನಕ್ಕು ಇಳಿದು ಒಳಗೆ ಕೂಗಿದಳು: "ಸುವರ್ಣಾ, ಗಂಟು ಕಟ್ಟು. ಬಿಸಲು ಏರೂಕಿಂತ ಮುಂಚೆ ಹೊಂಡು."

ಸುವರ್ಣಮ್ಮನ ಉಡಿ ತುಂಬಿ ಕಳಿಸಿದರು. ದಾರಿಯುದ್ದಕ್ಕೂ ಉಜ್ಜಿನಪ್ಪ ಎತ್ತಿನ ಬಂಡಿಗೂ ಹಿಂದೆ ಬೀಳುವಷ್ಟು ನಿಧಾನ. ಶಿವಬಸಮ್ಮ ಒಂದು ಕೈ ಮಗಳ ಬೆನ್ನ ಹಿಂದೆ ಇಟ್ಟು, ತಗ್ಗು ಬಂದಾಗಲೆಲ್ಲ ಆಕೆಯ ಮುಖ ನೋಡುವಳು. ಮಗಳು ಗದ್ದೆ ನೋಡುತ್ತ, ಗಂಡನ ಮನೆಯ ಸುದ್ದಿ ಹೇಳುತ್ತ ಆರಾಮಾಗಿದ್ದಳು.

ಕುರುಗೋಡು ಮುಟ್ಟಿದಾಗ ನೆರಳು ಉದ್ದವಾಗಿತ್ತು. ಅಂಗಳದಲ್ಲಿ ಇಳಿದವಳನ್ನು ತಾಯಿ ಹೊಸಿಲಲ್ಲೇ ನಿಲ್ಲಿಸಿ ದೃಷ್ಟಿ ತೆಗೆದಳು.

"ಎಲ್ಲೆರ ನೂಸಾಕತ್ತೈತೇನವ್ವ?"

"ಏನೂ ಇಲ್ಲಬೇ" ಅಂದಳು ಸುವರ್ಣಮ್ಮ. "ಹೊಟ್ಟಿ ಹಸದೈತಿ. ಬಿಸಿ ರೊಟ್ಟಿ ಬಡಿ."

ಶಿವಬಸಮ್ಮ ಸೆರಗು ಸೊಂಟಕ್ಕೆ ಸಿಗಿಸಿ ಒಲೆಯ ಮುಂದೆ ಕುಂತಳು.