‘ಉಗಾರಕ್ಕ ಹೋಗ್ತಿದ್ನಿ’ ಎಂಬ ವಾಕ್ಯ

ನಾನು ಫ್ರೆಂಚ್ ಕಲಿತದ್ದು ಹಟಕ್ಕೆ ಬಿದ್ದು. ಮಗಳ ಶಾಲೆಯಲ್ಲಿ ಮೂರನೆಯ ಭಾಷೆಯಾಗಿ ಫ್ರೆಂಚ್ ತೆಗೆದುಕೊಳ್ಳಬಹುದು ಎಂದರು. ಅವಳು ಹುರುಪಿನಿಂದ ತೆಗೆದುಕೊಂಡಳು. ಫೋನಿನಲ್ಲಿ ಪಾಠ ಹೇಳುವ ಪುದುಚೇರಿಯ ಶಿಕ್ಷಕಿಯೊಬ್ಬರನ್ನು ಹುಡುಕಿ ಎರಡು ವರ್ಷದ ಫೀ ಒಟ್ಟಿಗೇ ತುಂಬಿದೆವು. ಮಳೆಗಾಲ ಶುರುವಾಗುವ ಹೊತ್ತಿಗೆ ಅವಳ ಗೆಳತಿಯರೆಲ್ಲ ಸಂಸ್ಕೃತದ ಕಡೆ ಜಿಗಿದರು. ಅದರಲ್ಲಿ ಅಂಕಗಳು ಧಾರಾಳವಂತೆ. ಇವಳೂ ಜಿಗಿದಳು. ಫೀ ವಾಪಸು ಕೊಡುವುದಿಲ್ಲ ಎಂದು ತಿಳಿದಾಗ ನನಗೆ ಎಲ್ಲಿಲ್ಲದ ಸಿಟ್ಟು ಬಂತು. “ಹಂಗಾರ ನಾನಽ ಕಲೀತೀನಿ” ಎಂದು ಅವಳ ಜಾಗದಲ್ಲಿ ಕುಳಿತೆ.

ನಿಪ್ಪಾಣಿಯ ನಮ್ಮ ಓಣಿಯಲ್ಲಿ ಈ ಸುದ್ದಿ ಹರಡಲು ಹೊತ್ತು ಹಿಡಿಯಲಿಲ್ಲ. ತರಕಾರಿ ಗಾಡಿಯ ಹತ್ತಿರ ನಿಂತರೂ ಅದೇ ಪ್ರಶ್ನೆ: “ಯಾವಾಗರಿ ಫ್ರಾನ್ಸಕ್ಕ ಹೋಗೂದು?” ಎಲ್ಲಿಗೂ ಇಲ್ಲ ಎಂದರೆ ಯಾರೂ ನಂಬಲಿಲ್ಲ. ಅರ್ಧ ಕನ್ನಡ, ಅರ್ಧ ಮರಾಠಿಯಲ್ಲಿ ಸಂಸಾರ ನಡೆಸುವ ಈ ಊರಿನಲ್ಲಿ ಇನ್ನೊಂದು ಭಾಷೆ ಬಾಯಲ್ಲಿ ಇಟ್ಟುಕೊಂಡರೆ ಯಾರಿಗೇನು ನಷ್ಟ ಎಂದು ನನ್ನ ವಾದ.

ಪಾಠ ಸಂಜೆ ಹೊತ್ತು. ನಾನು ಅಡುಗೆಮನೆಯ ಕಿಟಕಿಗೆ ಫೋನು ಆನಿಸಿ ಕೂರುತ್ತಿದ್ದೆ. ಅತ್ತೆ ಪಕ್ಕದಲ್ಲಿ ಸೊಪ್ಪು ಸೋಸುತ್ತ ಕೇಳಿಸಿಕೊಳ್ಳುತ್ತಿದ್ದರು. ಎಪ್ಪತ್ತರ ಹತ್ತಿರದ ಹೆಂಗಸು. ಮಾತಿನಲ್ಲಿ ಅವರನ್ನು ಗೆದ್ದವರನ್ನು ನಾನು ನೋಡಿಲ್ಲ. ಅವರನ್ನು ಇತ್ತೀಚೆಗೆ ಕೊರೆಯುತ್ತಿದ್ದುದು ಒಂದೇ ವಿಷಯ: ಉಗಾರ ಬುದ್ರುಕದಲ್ಲಿರುವ ತಂಗಿ. ನನ್ನ ಗಂಡನಿಗೆ ಆಕೆ ಮಾವಶಿ. ತಾಯಿಯ ತಂಗಿಯನ್ನು ನಮ್ಮ ಗಡಿಭಾಗದಲ್ಲಿ ಹಾಗೇ ಕರೆಯುತ್ತೇವೆ, ನನಗೂ ಮಾವಶಿಯೇ.

ಕೆಲವು ವರ್ಷಗಳ ಹಿಂದೆ ಮಾವಶಿಯ ಮನೆಯವರು ಕಬ್ಬಿನ ಹೊಲದ ಪಕ್ಕದಲ್ಲಿ ಹೊಸ ಮನೆ ಕಟ್ಟಿಸಿದರು. ಗೃಹಪ್ರವೇಶಕ್ಕೆ ಅವಳ ಮಗ ಎಲ್ಲರಿಗೂ ಫೋನಿನಲ್ಲಿ ಕಾರ್ಡಿನ ಫೋಟೋ ಕಳಿಸಿದ. ಎಲ್ಲರೂ ಹೋದರು, ಅತ್ತೆ ಹೋಗಲಿಲ್ಲ. “ಮನೀಗಿ ಬಂದು ಕುಂಕುಮ ಹಚ್ಚಿ ಕರದಿದ್ದರ ಹೋಗ್ತಿದ್ನಿ. ಫೋಟೋ ಕಳಸಿದರ ನಾನೂ ನನ್ನ ಫೋಟೋನಽ ಕಳಸಬೇಕೇನು?” ಎಂದರು. ಅದು ಉಗಾರಕ್ಕೆ ಮುಟ್ಟಿತು. ಅಲ್ಲಿಂದ ಉತ್ತರ ಬಂತು: “ಬರೂ ಮನಸ ಇದ್ದಿದ್ದರ ಬರ್ತಿದ್ಲು.” ಅಲ್ಲಿಗೆ ಹೋಗುವುದು ಬರುವುದು ನಿಂತಿತು.

ಆಮೇಲೆ ಬೇರೆಯವರ ಮದುವೆಗಳಲ್ಲಿ ಇಬ್ಬರೂ ಪೆಂಡಾಲಿನ ಆಚೆಗೊಬ್ಬರು ಈಚೆಗೊಬ್ಬರು ಕೂರುವರು. “ಆಕಿ ಊಟಾ ಮಾಡಿದ್ಲೇನು ನೋಡು” ಎಂದು ಅತ್ತೆ ನನ್ನನ್ನು ಅಟ್ಟುವರು. ಆಚೆ ಹೋದರೆ ಮಾವಶಿ, “ಆಕಿ ಬಿ.ಪಿ. ಗುಳಿಗಿ ತಗೊಂಡ್ಲೇನು?” ಎನ್ನುವಳು. ನಡುವೆ ಓಡಾಡಿ ನನ್ನ ಕಾಲು ಬಿದ್ದುಹೋಗುತ್ತಿದ್ದವು. ನಗು ಬರುತ್ತಿತ್ತು, ಸಂಕಟವೂ ಆಗುತ್ತಿತ್ತು. ಇಬ್ಬರಲ್ಲಿ ಒಬ್ಬರು ಮೊದಲು ಹೊರಟುಹೋದರೆ ಉಳಿದವರ ಗತಿಯೇನು ಎಂಬ ಭಯ ನನಗಿತ್ತು. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯವಿರಲಿಲ್ಲ.

ಹೀಗಿರುವಾಗ ಫ್ರೆಂಚಿನಲ್ಲಿ ಆ ಕಾಲ ಬಂತು. ನಡೆಯದೇ ಹೋದದ್ದನ್ನು ‘ನಡೆಯುತ್ತಿತ್ತು’ ಎನ್ನುವ ಕಾಲ: ಹೀಗಾಗಿದ್ದರೆ ಹಾಗೆ ಮಾಡುತ್ತಿದ್ದೆ ಎನ್ನುವುದು. ಶಿಕ್ಷಕಿ ಇದು ಬಹಳ ಕಷ್ಟ ಎಂದು ಹೆದರಿಸಿದರು. ನನಗೆ ಒಳಗೊಳಗೇ ನಗು. ನಮ್ಮ ಮನೆ ಎಷ್ಟೋ ವರ್ಷದಿಂದ ಆ ಕಾಲದಲ್ಲೇ ಇದೆಯಲ್ಲ!

‘ಮಾಡು’, ‘ತಿನ್ನು’, ‘ಹೇಳು’ ಇಂಥ ಕ್ರಿಯಾಪದಗಳಿಗೆ ಮುಂದೆ ಒಂದು ಸಹಾಯಕ ಪದ ಬೇಕು. ಅದನ್ನು ಗಟ್ಟಿಯಾಗಿ ಬಾಯಿಪಾಠ ಮಾಡತೊಡಗಿದೆ. ನಾನು ಎಂದಾಗ ‘ಜೋರೆ’, ನೀನು ಎಂದಾಗ ‘ತ್ಯು ಓರೆ’, ಅವನು ಎಂದಾಗ ‘ಇಲ್ ಓರೆ’.

“ಯಾರ ಮ್ಯಾಲ ಜೋರ ಮಾಡಾಕತ್ತೀಯವಾ?” ಎಂದರು ಅತ್ತೆ.

“ಯಾರ ಮ್ಯಾಲೂ ಇಲ್ರಿ. ನಾ ಜೋರೆ, ನೀವು ಓರೆ.”

“ನಾ ಯಾಕ ಓರೆ? ನೆಟ್ಟಗ ಅದೀನಿ” ಎಂದು ಬೆನ್ನು ಸೆಟೆಸಿ ಕುಳಿತರು.

ಹೋಗುವುದು, ಬರುವುದು ಮಾತ್ರ ಬೇರೆ ಪಂಗಡ. ಅವಕ್ಕೆ ‘ಜೋರೆ’ ನಡೆಯುವುದಿಲ್ಲ, ‘ಜ ಸರೆ’ ಎನ್ನಬೇಕು. ಅಷ್ಟೇ ಅಲ್ಲ, ಹೋದವಳು ಹೆಂಗಸಾದರೆ ಬರೆಯುವಾಗ ಕೊನೆಗೆ ಇನ್ನೊಂದು ಅಕ್ಷರ ಅಂಟಿಸಬೇಕು. ಉಚ್ಚಾರದಲ್ಲಿ ಅದು ಕೇಳಿಸುವುದೂ ಇಲ್ಲ. ಹೋಗಿ ಬರುವುದಕ್ಕೆ ಫ್ರೆಂಚರ ಮನೆಯಲ್ಲೂ ಇಷ್ಟು ರಗಳೆ ಇದೆ ಎಂದು ನನಗೆ ಸಮಾಧಾನವಾಯಿತು.

ನನ್ನ ದೊಡ್ಡ ತಪ್ಪು ಬೇರೆ ಇತ್ತು. ಕನ್ನಡದಲ್ಲಿ ‘ಕರೆದಿದ್ದರೆ ಹೋಗುತ್ತಿದ್ದೆ’ ಎನ್ನುವಾಗ ‘ರೆ’ ಅಂಟುವುದು ಕರೆಯುವವರಿಗೆ. ಫ್ರೆಂಚಿನ ‘ರೆ’ ಅಂಟುವುದು ಹೋಗುವವಳಿಗೆ. ನನ್ನ ಕಿವಿ ನಮ್ಮೂರಿನದು. ಪ್ರತಿ ಸಲವೂ ‘ರೆ’ಯನ್ನು ಕರೆಯುವವರ ಕೊರಳಿಗೇ ಕಟ್ಟುತ್ತಿದ್ದೆ. ಶಿಕ್ಷಕಿ ತಾಳ್ಮೆಯಿಂದ ಬಿಚ್ಚಿ ಆಚೆ ಹಾಕುತ್ತಿದ್ದರು. ಇನ್ನೊಂದು ಸಲ ತಪ್ಪಿದರೆ ಫೋನಿನೊಳಗಿಂದ ಕೈ ಚಾಚಿ ಕಿವಿ ಹಿಂಡುತ್ತೇನೆ ಎಂದರು.

ಮರುವರ್ಷದ ಶ್ರಾವಣ ಬಂತು. ಪಂಚಮಿಗೆ ಇನ್ನೂ ನಾಲ್ಕಾರು ದಿನವಿತ್ತು. ಮನೆಯಲ್ಲಿ ಯಾರಾದರೂ ಆಡಿದ ಮಾತೊಂದನ್ನು ಹಿಡಿದು, ಆ ಕಾಲದಲ್ಲಿ ಅನುವಾದಿಸಿ ತನ್ನಿ ಎಂದು ಶಿಕ್ಷಕಿ ಕೆಲಸ ಕೊಟ್ಟಿದ್ದರು. ಅತ್ತೆ ಶೇಂಗಾ ಉಂಡಿ ಕಟ್ಟುತ್ತಿದ್ದರು. ಕೈಯಲ್ಲಿದ್ದ ಉಂಡಿಯನ್ನೇ ನೋಡುತ್ತ, “ಪಂಚಮಿಗೆ ಉಗಾರಕ್ಕ ಹೋಗ್ತಿದ್ನಿ” ಎಂದರು.

ಸಿಕ್ಕಿತಲ್ಲ ಎಂದುಕೊಂಡೆ. ಸಂಜೆ ಪಾಠದಲ್ಲಿ ಒಪ್ಪಿಸಿದೆ: ‘ಜ ಸರೆ ಅಲೇ’. ಹೆಂಗಸಿನ ಹೆಚ್ಚುವರಿ ಅಕ್ಷರವನ್ನೂ ಮರೆತಿರಲಿಲ್ಲ. ಶಿಕ್ಷಕಿ ಭೇಷ್ ಎಂದರು. ಆಮೇಲೆ, ಏನಾಗಿದ್ದರೆ ಹೋಗುತ್ತಿದ್ದರು, ಆ ಅರ್ಧ ಎಲ್ಲಿ ಎಂದು ಕೇಳಿದರು. ಅದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ ಎಂದೆ. ನನಗೆ ಗೊತ್ತಿಲ್ಲವಲ್ಲ, ಕೇಳಿಕೊಂಡು ಬನ್ನಿ ಎಂದರು.

ಮರುದಿನ ಬೆಳಿಗ್ಗೆ ಕೇಳಿದೆ. “ಅತ್ಯಾರ, ಏನಾಗಿದ್ದರ ಉಗಾರಕ್ಕ ಹೋಗ್ತಿದ್ರಿ?”

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. “ಏನಾಗಿದ್ದರ ಅಂದರ ಏನಽ? ಹೋಗ್ತಿದ್ನಿ. ವರ್ಷಾ ಹೋಗ್ತಿದ್ನಿ. ಅವ್ವ ಸತ್ತ ಮ್ಯಾಲ ಆಕಿ ಮನೀನಽ ನನಗ ತವರಮನಿ ಅಲ್ಲೇನು? ಬೇವಿನ ಗಿಡಕ್ಕ ಜೋಕಾಲಿ ಕಟ್ಟಿ ಇಬ್ಬರೂ ನಿಂತು ಜೀಕ್ತಿದ್ವಿ. ಆಕಿ ಸಣ್ಣಾಕಿ ಖರೆ, ಜೀಕೂದು ಮಾತ್ರ ಗಂಡಸರಗತೆ. ನಾ ಅಂಜಿ ಚೀರ್ತಿದ್ನಿ. ಆಕಿ ನಗ್ತಿದ್ಲು.” ಹೇಳುತ್ತ ಹೇಳುತ್ತ ತಾವೂ ನಕ್ಕರು. ನಕ್ಕು ಮುಗಿದ ಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡರು.

ನನಗೆ ನಾಚಿಕೆಯಾಯಿತು. ಕನ್ನಡದ ‘ಹೋಗುತ್ತಿದ್ದೆ’ಗೆ ಎರಡು ಅರ್ಥ. ಕರೆದಿದ್ದರೆ ಹೋಗುತ್ತಿದ್ದೆ ಎಂಬುದೂ ಅದೇ, ಆಗೆಲ್ಲ ಹೋಗುತ್ತಿದ್ದೆ ಎಂಬುದೂ ಅದೇ. ಫ್ರೆಂಚಿನಲ್ಲಿ ಎರಡೂ ಬೇರೆ. ವಾಡಿಕೆಯಾಗಿ ಹೋಗುತ್ತಿದ್ದುದಕ್ಕೆ ‘ಜಾಲೆ’ ಎಂದರೆ ಸಾಕು. ಅತ್ತೆ ಹಂಬಲಿಸಿ ಆಡಿದ ಮಾತನ್ನು ನಾನು ಜಗಳವೆಂದು ಅನುವಾದಿಸಿದ್ದೆ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು, ಒಂದೇ ಭಾಷೆ ಆಡಿ ಇದು ತಿಳಿಯಲಿಲ್ಲವಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು.

“ನಡೀರಿ, ಇವತ್ತ ಹೋಗೂಣು” ಎಂದೆ.

ಅವರು ಎದ್ದು ಒಳಗೆ ಹೋದರು. ಕೆಲಸ ಕೆಟ್ಟಿತು ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಹಸಿರು ಇಳಕಲ್ ಸೀರೆ ಉಟ್ಟು, ಉಂಡಿಯ ಸ್ಟೀಲ್ ಡಬ್ಬಿ ಹಿಡಿದು ಹೊರಗೆ ಬಂದರು. “ಗಾಡಿ ತಗೀತೀಯೋ, ಇಲ್ಲಾ ಅದನ್ನೂ ಫ್ರೆಂಚಿನ್ಯಾಗ ಹೇಳಬೇಕೋ?” ಎಂದರು.

ನಮ್ಮ ಸಣ್ಣ ಕಾರನ್ನು ನಾನೇ ಓಡಿಸಿದೆ. ಚಿಕ್ಕೋಡಿ ಬರುವಷ್ಟರಲ್ಲಿ ಅವರ ಉತ್ಸಾಹ ಇಳಿಯಿತು. ಆಕಿ ಮನ್ಯಾಗ ಇರದಿದ್ದರ? ಇದ್ದೂ ಮಾತಾಡದಿದ್ದರ? ಹೂವು ತಂದಿಲ್ಲ, ತಿರುಗಿಸು ಅಂದರು. ನಾನು ತಿರುಗಿಸಲಿಲ್ಲ, ಬಸ್ ಸ್ಟ್ಯಾಂಡಿನ ಹತ್ತಿರ ಗಾಡಿ ನಿಲ್ಲಿಸಿ ಎರಡು ಮೊಳ ಮಲ್ಲಿಗೆ ಕೊಂಡೆ. ಅಂಕಲಿ ದಾಟಿ ಸೇತುವೆಯ ಮೇಲೆ ಬಂದಾಗ ಕೃಷ್ಣೆ ಕೆಂಪಗೆ ತುಂಬಿ ಹರಿಯುತ್ತಿದ್ದಳು. ಅತ್ತೆ ಗಾಜು ಇಳಿಸಿ ಕೈಮುಗಿದರು. ಆಮೇಲೆ ಎರಡೂ ಕಡೆ ಬರೀ ಕಬ್ಬು.

ಮಾವಶಿ ಅಂಗಳದಲ್ಲೇ ಇದ್ದಳು. ಕೈಗೆ ಮೆತ್ತಿದ ಹಿಟ್ಟು, ಮೊಣಕಾಲಿನವರೆಗೆ ಎತ್ತಿ ಕಟ್ಟಿದ ಸೀರೆ. ಕಾರಿನಿಂದ ಇಳಿದ ಅಕ್ಕನನ್ನು ನೋಡಿದವಳು ನಿಂತಲ್ಲೇ ನಿಂತಳು. ಆಮೇಲೆ ಕೇಳಿದಳು, ಅದೂ ನನ್ನ ಕಡೆ ತಿರುಗಿ: “ಆಕಿ ಮಣಕಾಲ ಈಗ ಹೆಂಗ ಅದಾವು?”

“ನನ್ನ ಕೇಳ. ಕಾಲ ನನ್ನವು” ಎಂದರು ಅತ್ತೆ.

ಮಾವಶಿ ನಗಬೇಕೋ ಅಳಬೇಕೋ ತಿಳಿಯದವಳಂತೆ ಸೆರಗು ಬಾಯಿಗಿಟ್ಟುಕೊಂಡಳು. ಅತ್ತೆ ಮೆಟ್ಟಿಲು ಹತ್ತಿ ಬಾಗಿಲಿನ ಹತ್ತಿರ ನಿಂತರು. ತಾವು ಎಂದೂ ನೋಡದ ಮನೆ. ಚೌಕಟ್ಟಿನ ಕೆತ್ತನೆಯ ಮೇಲೆ ಮೆಲ್ಲಗೆ ಕೈಯಾಡಿಸಿದರು. ಅಲ್ಲಿಂದಲೇ ಒಳಗಿನ ಗೋಡೆ, ಮಾಡು, ದೇವರ ಕೋಣೆ ಎಲ್ಲವನ್ನೂ ನೋಡಿದರು. ತಂಗಿಯ ಕಡೆ ತಿರುಗದೆಯೇ ಹೇಳಿದರು:

“ನಾ ಬರಬೇಕಿತ್ತು.”

ಅದೂ ಅದೇ ಕಾಲ. ಫ್ರೆಂಚಿನಲ್ಲಿ ಹೇಳಿದರೆ ‘ಜೋರೆ ದ್ಯು’ ಎಂದೇ ಶುರುವಾಗುತ್ತದೆ. ಕರೆದಿದ್ದರೆ, ಕುಂಕುಮ ಹಚ್ಚಿದ್ದರೆ ಎಂಬ ಅರ್ಧ ಮಾತ್ರ ಅದರಲ್ಲಿ ಇರಲಿಲ್ಲ. ಅತ್ತೆ ಅಂಥ ಮಾತು ಆಡಿದ್ದನ್ನು ನಾನು ಅದಕ್ಕೂ ಮುಂಚೆ ಕೇಳಿರಲಿಲ್ಲ. ನನ್ನ ಕಣ್ಣು ತುಂಬಿ ಬಂದವು.

ಮಾವಶಿ ಹಿಟ್ಟಿನ ಕೈಯಲ್ಲೇ ಅಕ್ಕನ ರಟ್ಟೆ ಹಿಡಿದಳು. ಹಸಿರು ಸೀರೆಯ ಮೇಲೆ ಐದೂ ಬೆರಳು ಬೆಳ್ಳಗೆ ಮೂಡಿದವು.

“ಹೂಂ, ಬರಬೇಕಿತ್ತು” ಎಂದಳು. “ಈಗ ಕೈಕಾಲ ತೊಳ್ಕೊಂಡ ಒಳಗ ಬಾ. ಕಡಬ ಆರಾಕತ್ತಾವು.”