ಕೈ ನಿಲ್ಲಿಸದ ಹಾಡು

ಮೊನ್ನೆ ಸಂತೆಯಿಂದ ತಂದ ಶೇಂಗಾ ಸುಲಿಯುತ್ತ ಕೂತಿದ್ದೆ. ಸಿಪ್ಪೆಯ ಮಣ್ಣಿನ ವಾಸನೆ ಮೂಗಿಗೆ ಹತ್ತಿದ್ದೇ ತಡ, ನಮ್ಮ ಪಾದ್ರಿ ಅಯ್ಯನವರು ಎದುರಿಗೇ ಬಂದು ಕೂತಂತಾಯಿತು...

ಎಪ್ಪತ್ತರ ದಶಕದ ಕೊನೆ. ಚನ್ನಗಿರಿಯ ನಮ್ಮ ಪುಟ್ಟ ಲೂಥರನ್ ಸಭೆಗೆ ಅವರೇ ಗುರುಗಳು. ಹೊನ್ನಾಳಿ, ನ್ಯಾಮತಿ, ಜಗಳೂರಿನ ಮನೆಕೂಟಗಳಿಗೂ ಅವರೇ ಹೋಗಬೇಕು. ಬಸ್ಸಿನಲ್ಲಿ ಕೂತು ಕೀರ್ತನೆ ಬರೆಯುವರು. ಜಗಳೂರಿಗೆ ಹೋದರೆ ಶೇಂಗಾ ಸುಲಿಯುವ ಹೆಂಗಸರ ನಡುವೆ ಕೂತು, ಬರೆದದ್ದನ್ನು ಅವರದೇ ಬೀಸುವ ಪದದ ಧಾಟಿಯಲ್ಲಿ ಹಾಡುವರು. ಯಾರದಾದರೂ ಕೈ ನಿಂತರೆ ಆ ಸಾಲಿಗೆ ಕಾಟು ಹೊಡೆಯುವರು.

"ತಿಳೀದಿದ್ರೆ ಕೈ ನಿಲ್ತೈತಮ್ಮ. ನಿಂತ್ರೆ ತಪ್ಪು ನಂದು," ಎನ್ನುವರು.

ಚರ್ಚಿನಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದವಳು ನಾನು. ಟೀಚರ್ ಕೆಲಸ ಸಿಕ್ಕ ಹೊಸ ಜಂಬ ಬೇರೆ. ಅಂಥದೊಂದು ಹಾಡನ್ನು ಚರ್ಚಿನಲ್ಲೂ ಹಾಡಿಸುವೆನೆಂದರು ಅಯ್ಯನವರು. ದೇವರ ಎದುರು ಬೀಸುವ ಕಲ್ಲಿನ ಪದವೇ? ನನಗೂ ಸಭೆಯ ಹಿರಿಯರಿಗೂ ಮೈಯೆಲ್ಲ ಉರಿಯಿತು. ಹಿರಿಯರು ಕಡ್ಡಿ ಮುರಿದಂತೆ ಹೇಳಿದರು: "ಕೊಯ್ಲಿನ ಹಬ್ಬದಾಗೆ ಒಂದ್ಸಲ ಹಾಡಾಕೆ ಬಿಡ್ತೀವ್ರಿ. ಸಭೆ ದನಿಗೂಡ್ಸಲಿಲ್ಲ ಅಂದ್ರೆ ನಿಮ್ಮ ಹಾಡು ಇಲ್ಲಿ ಮತ್ತೆ ಬ್ಯಾಡ."

ಅಯ್ಯನವರು ಒಪ್ಪಿಕೊಂಡರು.

ಹಬ್ಬದ ದಿನ ನಾನು ಎಳೆದೆಳೆದು ನುಡಿಸಿದೆ. ಬೇಕಂತಲೇ. ಮೊದಲ ಚರಣ ಸೊರಗಿ ಬಿತ್ತು. ಸಭೆ ಬಾಯಿ ಬಿಡಲಿಲ್ಲ. ಕೊರಳ ನರ ಉಬ್ಬಿಸಿಕೊಂಡು ಅಯ್ಯನವರೊಬ್ಬರೇ ಹಾಡಿದರು. ನನ್ನ ಕಿತಾಪತಿ ಅವರಿಗೆ ಗೊತ್ತಾಗಿತ್ತೋ ಏನೋ, ಮುಂದೆಂದೂ ಕೇಳಲಿಲ್ಲ.

ಆಗ ಹಿಂದಿನ ಚಾಪೆಯಿಂದ ಜಗಳೂರಿನ ಹೆಂಗಸರು ಎರಡನೆಯ ಚರಣ ಎತ್ತಿಕೊಂಡರು. ಬೆಳಗಿನ ಬಸ್ಸಿಗೇ ಬಂದಿದ್ದರು. ಅಕ್ಷರ ಬಾರದವರು, ಐದೂ ಚರಣ ಬಾಯಲ್ಲೇ ಇತ್ತು. ಅವರಲ್ಲೊಬ್ಬ ಅಜ್ಜಿ ಕೂತಲ್ಲಿಂದಲೇ, "ಮೇಡಮ್ಮೋರೆ, ನಮ್ಮ ಹಿಂದೆ ಬರ್ರಿ," ಎಂದಳು. ನನ್ನ ಬೆರಳುಗಳು ನನ್ನ ಮಾತು ಕೇಳದೆ ಅವರ ಹಿಂದೆ ಓಡಿದವು... ಮೂರನೆಯ ಚರಣಕ್ಕೆ ಬೆಂಚುಗಳೆಲ್ಲ ದನಿಗೂಡಿಸಿದವು. ನಾಲ್ಕಕ್ಕೆ ಹಿರಿಯರೇ ಚಪ್ಪಾಳೆ ಹಾಕುತ್ತಿದ್ದರು. ಮುಗಿದ ಮೇಲೆ ಅವರೇ, "ಇನ್ನೊಂದ್ಸಲ ಆಗ್ಲಿ ಅಯ್ಯನೋರೆ," ಅಂದರು. ಅಂದು ಸೋತವಳು ನಾನು. ಅಂಥ ಖುಷಿ ಯಾವ ಗೆಲುವಿನಲ್ಲೂ ಕಂಡಿಲ್ಲ.

ಎಂಬತ್ತರ ದಶಕದಲ್ಲಿ ಅಯ್ಯನವರು ತೀರಿಕೊಂಡರು. ಮಣ್ಣು ಮಾಡುವಾಗ ನಾಲ್ಕೂ ಊರಿನವರು ಆ ಹಾಡನ್ನೇ ಹಾಡಿದರು. ಯಾರ ಕೈಯಲ್ಲೂ ಪುಸ್ತಕವಿರಲಿಲ್ಲ.

ಮೊನ್ನೆ ಶೇಂಗಾ ಸುಲಿಯುತ್ತ ಅದನ್ನೇ ಗುನುಗಿದೆ. ಅಂದು ಬೆಂಚುಗಳೆಲ್ಲ ದನಿಗೂಡಿಸಿದ ಆ ಮೂರನೆಯ ಚರಣಕ್ಕೆ ನನ್ನ ಕೈ ನಿಂತುಬಿಟ್ಟಿತು. ಆ ಸಾಲಿಗೆ ಕಾಟು ಹೊಡೆಯಬೇಡಿ ಅಯ್ಯನವರೇ... ತಪ್ಪು ಅದರದಲ್ಲ.