ಮೂರನೆಯವರದು ಬ್ಯಾಡ

ನಾನು ಬೀದರದಾಕಿ. ನಾಲಿಗಿ ಉದ್ದ ಅಂತ ತವರಾಗೂ ಬೈಸಿಕೊಂಡಾಕಿ. ಆಗ ನಾಶಿಕದ ಒಂದು ಟೆಸ್ಟ್ ಟ್ಯೂಬ್ ಬೇಬಿ ದವಾಖಾನಿಯ ಲ್ಯಾಬಿನಾಗ ನೌಕರಿ. ಹೆಂಡ್ತಿಯ ಅಂಡಾಣು, ಗಂಡನ ವೀರ್ಯ ಕೂಡಿಸಿ ಸಣ್ಣ ಗಾಜಿನ ಡಿಶ್‌ನಾಗ ಭ್ರೂಣ ಬೆಳಸೂದು ನನ್ನ ಕೆಲಸ. ಪ್ರತಿ ಡಿಶ್ಶಿಗೂ ಇಬ್ಬರ ಹೆಸರು, ಇದು ಇವರಿಬ್ಬರದೇ ಅಂತ ನನ್ನ ಸಹಿ. ಸಹಿ ಇಲ್ಲದ ಡಿಶ್ ಲ್ಯಾಬಿನ ಬಾಗಲಾ ದಾಟೂ ಹಂಗಿರಲಿಲ್ಲ.

ಔರಂಗಾಬಾದಿನಿಂದ, ಅಂದ್ರ ಈಗಿನ ಸಂಭಾಜಿನಗರದಿಂದ, ಉರ್ದು ಶಾಲಿ ಟೀಚರೊಬ್ಬಾಕಿ ಗಂಡನ ಜೋಡಿ ಬರ್ತಿದ್ಲು. ಮದುವಿಯಾಗಿ ಒಂಬತ್ತು ವರ್ಷ. ಅತ್ತಿ ಆಗಲೇ ಮಗನಿಗೆ ಎರಡನೇ ಹೆಣ್ಣು ನೋಡಿಟ್ಟಿದ್ಲು. ಈ ಸಲ ಆಗಲಿಲ್ಲಂದ್ರ ನಿಕಾಹ್. ಮುಫ್ತಿಯವರ ಕಡೆ ಬರೆಸಿದ ಫತ್ವಾ ಪ್ಲಾಸ್ಟಿಕ್ ಚೀಲದಾಗ ಹಾಕಿ ತಂದಿದ್ಲು. ನನಗ ಉರ್ದು ಓದಾಕ ಬರೂದಿಲ್ಲ. ಆಕಿನೇ ಬೆರಳಿಟ್ಟು ಹೇಳಿದ್ಲು: ಚಿಕಿತ್ಸೆಗೆ ಅಡ್ಡಿಯಿಲ್ಲ, ಆದ್ರ ಎಲ್ಲಾ ಗಂಡ-ಹೆಂಡ್ತಿದೇ ಆಗಬೇಕು, ಮೂರನೆಯವರದು ಬ್ಯಾಡ.

ಮೂರು ಅಂಡಾಣು ಸಿಕ್ಕವು. ಮರುದಿನ ಮೈಕ್ರೋಸ್ಕೋಪಿನಾಗ ನೋಡಿದ್ರ ಒಂದೂ ಫಲಿಸಿರಲಿಲ್ಲ.

ಡಾಕ್ಟರು ಒಳಗ ಬಂದು ಬಾಗಲಾ ಹಾಕಿಕೊಂಡ್ರು. ಬ್ಯಾರೆ ಯಾರೋ ಬಿಟ್ಟು ಹೋದ ಭ್ರೂಣ ಫ್ರೀಜ್ ಮಾಡಿಟ್ಟವು ಅದಾವಲ್ಲ, ಒಂದಕ್ಕ ಇವರ ಹೆಸರು ಅಂಟಸು, ಪಾಪ ಆಕಿ ಸಂಸಾರ ಉಳೀತದ, ಅಂದ್ರು. ಮೈಯೆಲ್ಲ ಉರೀತು ನನಗ. ಸುಳ್ಳ್ಯಾಕ ಹೇಳ್ಲಿ, ಆಕಿ ಅತ್ತಿ ನೆನಪಾಗಿ ಒಂದು ಗಳಿಗಿ ಹೂಂ ಅನಲೇನು ಅನಿಸ್ತು. ಆದ್ರೂ ಫತ್ವಾದಾಗ ಮೂರನೆಯವರದು ಬ್ಯಾಡಂತ ಅದ, ಆಗೂದಿಲ್ಲ ಅಂದೆ. ಅವರ ಧರ್ಮದ ಉಸಾಬರಿ ನಿನಗ್ಯಾಕ, ನೀ ಏನು ಮುಸಲ್ಮಾನಳಾ, ಅಂತ ಕೇಳಿದ್ರು.

"ಧರ್ಮ ಅವರದು ಸರ್. ಸಹಿ ನಂದು."

ಹೊರಗ ಬಂದು ಆಕಿಗೆ ಎಲ್ಲಾ ಹೇಳಿದೆ, ಡಾಕ್ಟರ ಮಾತು ಸೈತ. ಆಕಿ ಬಾಳ ಹೊತ್ತು ಅತ್ತಳು. ನನ್ನ ನೌಕರಿ ಅದೇ ವಾರ ಹೋತು. ಹೋಗಲಿ ಬಿಡು ಅಂತ ನಾಶಿಕದ ಅಂಬಡದಾಗಿನ ಬಾಡಿಗಿ ಖೋಲಿ ಬಿಟ್ಟೆ.

ಎರಡು ವರ್ಷದ ಮ್ಯಾಲೆ ಆ ಟೀಚರ ಊರಾಗಿನ ಇಂಥದೇ ಲ್ಯಾಬಿನಾಗ ಕೆಲಸ ಸಿಕ್ಕಿತು. ಒಂದಿನ ಆಕಿನೇ ಬಂದು ನಿಂತಳು, ಮಗ್ಗಲಾಗ ಕೂಸಿಗಾಗಿ ಬಂದ ತಂಗಿ, ತಂಗಿಯ ಗಂಡ. ಮನಿಗೆ ಸವತಿ ಬಂದಿದ್ಲಂತ, ಸವತಿಗೆ ಗಂಡು ಕೂಸಂತ. ನನ್ನ ಮ್ಯಾಲೆ ಸಿಟ್ಟಿಲ್ಲೇನು ಅಂತ ಹೆಂಗೋ ಕೇಳಿದೆ. ಆಕಿ ಅದೇ ಫತ್ವಾ ಚೀಲದಿಂದ ತಗದು ನನ್ನ ಕೈಯಾಗಿಟ್ಟಳು.

"ಆಪಾ, ನನ್ನ ತಂಗಿ ಡಿಶ್ ಮ್ಯಾಲೆ ನೀವೇ ಸಹಿ ಹಾಕ್ರಿ."